ದಂಡನ್ನು ದಡಕ್ಕಿಳಿಸುವ ವಿದ್ಯೆ

೧

‘ಯುದ್ಧಕಾಲೇ ಶಸ್ತ್ರಾಭ್ಯಾಸಃ’ ಎಂಬ ಗಾದೆಯನ್ನು ಕೇಳದವರು ಕನ್ನಡಿಗರಲ್ಲಿ ವಿರಳ. ಹಗೆಯು ಬಾಗಿಲಿಗೆ ಬಂದು ನಿಂತಾಗ ಕತ್ತಿಯನ್ನು ಹಿಡಿಯುವ ಬಗೆಯನ್ನು ಕಲಿಯಹೊರಡುವವನ ಪಾಡು ನಗೆಗೀಡು ಎಂಬುದೇ ಅದರ ತಾತ್ಪರ್ಯ. ಆದರೆ ಯುದ್ಧವಿದ್ಯೆಗಳಲ್ಲಿ ಒಂದನ್ನು ದೊಡ್ಡ ದೊಡ್ಡ ರಾಷ್ಟ್ರಗಳು ಸಹ ಬಹುಕಾಲದವರೆಗೆ ಯುದ್ಧದ ನಡುವೆಯೇ ಕಲಿತುವು. ಕಲಿತ ಪ್ರತಿಯೊಂದು ಪಾಠಕ್ಕೂ ಪ್ರಾಣಗಳ ಬೆಲೆಯನ್ನು ತೆತ್ತುವು. ಹಡಗಿನಲ್ಲಿ ಬಂದ ದಂಡನ್ನು ಹಗೆಯ ಕಾವಲಿರುವ ದಡಕ್ಕೆ ಇಳಿಸುವುದೇ ಆ ವಿದ್ಯೆ.

ಕಡಲಿನ ಮೇಲೆ ದಂಡೆತ್ತಿ ಹೋಗುವುದು ಹೊಸದೇನೂ ಅಲ್ಲ. ೧೬೬೫ರಲ್ಲಿ ಶಿವಾಜಿಯು ಹಡಗುಗಳಲ್ಲಿ ಬಂದು ಬಸರೂರನ್ನು ಸೂರೆಮಾಡಿದ ಸಂಗತಿಯು ಕರ್ನಾಟಕದ ಕರಾವಳಿಯವರಿಗೆ ತಿಳಿದೇ ಇದೆ. ಆ ಕಾಲದಲ್ಲಿ ಕಾವಲಿಲ್ಲದ ಎಡೆಯನ್ನು ಹುಡುಕಿ ಇಳಿಯುವುದು ಸಾಧ್ಯವಿದ್ದಿತು. ಸುದ್ದಿಯು ಒಳನಾಡನ್ನು ಮುಟ್ಟುವಷ್ಟರಲ್ಲಿ ಬಂದವರ ಕೆಲಸವು ಮುಗಿದಿರುತ್ತಿತ್ತು. ತಂತಿಯ ವರ್ತಮಾನವೂ ರೈಲೂ ಮೆಷಿನ್ ಗನ್ನೂ ಬಂದ ಮೇಲೆ ಈ ಅನುಕೂಲವು ಅಳಿಯಿತು. ಹಡಗು ಬರುತ್ತಿದೆಯೆಂಬ ಸುದ್ದಿಯು ಹಡಗಿಗಿಂತ ಮೊದಲೇ ದಡವನ್ನು ಸೇರತೊಡಗಿತು. ನಾಲ್ಕಾರು ಜನ ಕಾವಲುಗಾರರು ಒಂದು ಪಟಾಲಮನ್ನು ನೀರಿನಲ್ಲಿಯೇ ತಡೆದು ನಿಲ್ಲಿಸಬಲ್ಲವರಾದರು.

ಈ ಕಾರ್ಯದ ಕಷ್ಟವಾದರೂ ಎಲ್ಲಿದೆಯೆಂಬುದನ್ನು ಗಮನಿಸಬೇಕು. ಹಡಗಿನಲ್ಲಿರುವವರೆಗೆ ಸಿಪಾಯಿಯು ನೌಕಾಧಿಪತಿಯ ವಶದಲ್ಲಿರುತ್ತಾನೆ. ದಡದಲ್ಲಿ ಬೇರೂರಿ ನಿಂತ ಮೇಲೆ ದಳವಾಯಿಯ ವಶಕ್ಕೆ ಬರುತ್ತಾನೆ. ಇವೆರಡರ ನಡುವೆ ದೋಣಿಯಲ್ಲಿ ಕಳೆಯುವ ಅರ್ಧಗಂಟೆಯಲ್ಲಿ ಅವನು ಯಾರ ಆಜ್ಞೆಗೆ ಒಳಪಟ್ಟವನು? ಹಡಗಿನ ಫಿರಂಗಿಗಳು ಯಾವ ಗಳಿಗೆಯವರೆಗೆ ದಡದ ಮೇಲೆ ಗುಂಡು ಸುರಿಸಬೇಕು? ಇಳಿದವರು ಎಲ್ಲಿದ್ದಾರೆಂಬುದನ್ನು ಹಡಗಿನವರಿಗೆ ತಿಳಿಸುವವರು ಯಾರು? ಒಂದೇ ರಾಷ್ಟ್ರದ ನೌಕಾಬಲವೂ ಭೂಸೈನ್ಯವೂ ಸೇರಿದಾಗಲೇ ಇವು ಜಟಿಲವಾದ ಪ್ರಶ್ನೆಗಳು. ಎರಡು ರಾಷ್ಟ್ರಗಳ ಬಲಗಳು ಮೈತ್ರಿಯಿಂದ ಕೂಡಿದರೆ, ಅವುಗಳ ಭಾಷೆ ಒಂದೇ ಆಗಿದ್ದರೂ, ಜಟಿಲತೆಯು ಇಮ್ಮಡಿಯಾಗುತ್ತದೆ. ಈ ಮಾತಿಗೆ ೧೯೪೪ರ ಏಪ್ರಿಲ್ ತಿಂಗಳಿನಲ್ಲಿ ಇಂಗ್ಲೆಂಡಿನ ಸ್ಲಾಪ್ಟನ್ ಎಂಬ ತೀರದ ಬಳಿ ನಡೆದ ಒಂದು ತಾಲೀಮಿಗಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು. ಆ ತಾಲೀಮಿನ ಮಹತ್ವವನ್ನು ಅರಿಯಬೇಕಾದರೆ ಅದಕ್ಕಿಂತ ಹಿಂದಿನ ಕೆಲವು ಸಂಗತಿಗಳನ್ನು ಮೊದಲು ತಿಳಿಯಬೇಕು.

೨

ಮೊದಲನೆಯ ಮಹಾಯುದ್ಧದ ಆರಂಭದಲ್ಲಿ, ಅಂದರೆ ೧೯೧೪ರ ಅಕ್ಟೋಬರಿನಲ್ಲಿ, ಸುಮಾರು ೮,೦೦೦ ಜನರ ಒಂದು ದಂಡು ಇಂಡಿಯಾದಿಂದ ಪೂರ್ವ ಆಫ್ರಿಕಕ್ಕೆ ಹೊರಟಿತು. ಜರ್ಮನರ ವಶದಲ್ಲಿದ್ದ ಟಾಂಗಾ ಎಂಬ ರೇವನ್ನು ಹಿಡಿಯುವುದು ಅದರ ಉದ್ದೇಶ. ಇದರ ಮುಖ್ಯ ಭಾಗವು ಬೆಂಗಳೂರಿನ ಹೆಸರನ್ನೇ ಹೊತ್ತ ೨೭ನೆಯ ಬ್ರಿಗೇಡ್ ಆಗಿದ್ದಿತು. ಈ ದಂಡಿನ ಪಟಾಲಮುಗಳು ಹಿಂದೆ ಒಟ್ಟಾಗಿ ಅಭ್ಯಾಸ ಮಾಡಿದವುಗಳಲ್ಲ. ದೋಣಿಯಿಂದ ದಡಕ್ಕಿಳಿಯುವುದನ್ನಂತೂ ಕಲಿತವುಗಳೇ ಅಲ್ಲ. ಇಕ್ಕಟ್ಟಾದ ಹಡಗುಗಳಲ್ಲಿ ವಾರಗಟ್ಟಲೆ ತೂರಾಡಿ, ಕಡಲಬೇನೆಯಿಂದ ಸೊರಗಿದ ಸಿಪಾಯಿಗಳು ಟಾಂಗಾ ತೀರವನ್ನು ಮುಟ್ಟಿದರು.

ಅಲ್ಲಿ ನಡೆದುದು ಮತ್ತೂ ವಿಚಿತ್ರ. ಆ ರೇವಿನ ವಿಷಯದಲ್ಲಿ ಹಿಂದೆ ಮಾಡಿಕೊಂಡಿದ್ದ ತಟಸ್ಥತೆಯ ಒಪ್ಪಂದವು ರದ್ದಾಯಿತೆಂದು ತಿಳಿಸುವುದು ಧರ್ಮವೆಂದು ಭಾವಿಸಿ, ನವೆಂಬರ್ ೨ರಂದು ಫಾಕ್ಸ್ ಎಂಬ ಯುದ್ಧನೌಕೆಯು ಮುಂದಾಗಿ ಹೋಗಿ ಹಗೆಗೆ ಎಚ್ಚರಿಕೆ ಕೊಟ್ಟಿತು. ಜರ್ಮನ್ ಸೇನಾನಿಯಾದ ಲೆಟ್ಟೊ-ಫೋರ್ಬೆಕ್ಕನು ದೊರೆತ ಬಿಡುವಿನಲ್ಲಿ ರೈಲಿನ ಮೂಲಕ ತನ್ನ ಜನರನ್ನು ಕರೆತಂದನು. ಅವನ ಕಡೆ ಇದ್ದವರು ಸುಮಾರು ಸಾವಿರ ಮಂದಿ. ಆದರೂ ನವೆಂಬರ್ ೪ರ ಕಾಳಗದಲ್ಲಿ ಎಂಟರಷ್ಟಿದ್ದ ದಂಡು ಸೋತು ಹಡಗುಗಳಿಗೆ ಹಿಂದಿರುಗಿತು. ಸತ್ತವರೂ ಗಾಯಗೊಂಡವರೂ ಸೇರಿ ಎಂಟುನೂರಕ್ಕೆ ಮಿಗಿಲಾದರು; ನೂರಾರು ಬಂದೂಕುಗಳೂ ಲಕ್ಷಗಟ್ಟಲೆ ತೋಟಾಗಳೂ ದಡದಲ್ಲಿಯೇ ಉಳಿದು ಜರ್ಮನರ ಪಾಲಾದುವು. ಕಾಡಿನ ಜೇನುನೊಣಗಳು ಕೆರಳಿ ಸಿಪಾಯಿಗಳನ್ನು ಮುತ್ತಿದುವೆಂಬ ಸಂಗತಿಯೇ ಈ ಕಾಳಗದ ವಿಷಯದಲ್ಲಿ ಹೆಚ್ಚು ಪ್ರಸಿದ್ಧವಾಗಿದೆ. ಆದರೆ ಸೋಲಿನ ಮೂಲವು ಜೇನುಗೂಡಿನಲ್ಲಿರಲಿಲ್ಲ. ಕಲಿಯದ ಕೆಲಸಕ್ಕೆ ಆ ಜನರನ್ನು ಕಳುಹಿಸಿದ್ದರಲ್ಲಿ ಇದ್ದಿತು.

ಮರುವರ್ಷದ ಗಲ್ಲಿಪೋಲಿಯ ಪ್ರಸಂಗವು ಇದಕ್ಕಿಂತ ದೊಡ್ಡದು. ಅಲ್ಲಿ ಬ್ರಿಟಿಷ್ ಹಡಗುಗಳಿಗೆ ಸಾಮಾನನ್ನು ತುಂಬಿದ ಕ್ರಮವೇ ತಪ್ಪಾಗಿದ್ದುದರಿಂದ ಅವನ್ನು ಅಲೆಕ್ಸಾಂಡ್ರಿಯಕ್ಕೆ ಕೊಂಡುಹೋಗಿ ಬರಿದುಮಾಡಿ ಮತ್ತೆ ತುಂಬಬೇಕಾಯಿತು. ೧೯೧೫ರ ಮಾರ್ಚಿ ೧೮ರ ನೌಕಾಯುದ್ಧಕ್ಕೂ ಏಪ್ರಿಲ್ ೨೫ರ ಇಳಿತಕ್ಕೂ ನಡುವೆ ಐದು ವಾರಗಳು ಕಳೆದುವು. ಆ ಅವಕಾಶದಲ್ಲಿ ತುರ್ಕರು ದಡವನ್ನು ಭದ್ರಪಡಿಸಿಕೊಂಡರು. ತಿಂಗಳುಗಳ ಹೋರಾಟದ ಅನಂತರ ೧೯೧೬ರ ಜನವರಿ ೯ರ ವೇಳೆಗೆ ಮಿತ್ರರಾಷ್ಟ್ರಗಳ ದಂಡು ಆ ನಾಡನ್ನು ತೊರೆಯಬೇಕಾಯಿತು. ಕಾವಲಿರುವ ದಡದ ಮೇಲೆ ಇಳಿಯುವುದು ಇನ್ನು ಮುಂದೆ ಅಸಾಧ್ಯವೆಂಬ ಅಭಿಪ್ರಾಯವು ಯೂರೋಪಿನ ಸೇನಾನಿಗಳಲ್ಲಿ ಬೇರೂರಿದುದು ಇದರಿಂದಲೇ.

೩

ಈ ಅಭಿಪ್ರಾಯವನ್ನು ಒಪ್ಪದವರೂ ಇದ್ದರು. ಅಮೆರಿಕದ ನೌಕಾಬಲದೊಡನೆ ಸೇರಿಕೊಂಡು, ನೀರಿನಲ್ಲಿಯೂ ನೆಲದಲ್ಲಿಯೂ ಕೆಲಸಮಾಡುವ ಮೆರೀನ್ ಎಂಬ ದಳವೊಂದಿದೆ. ಪೆಸಿಫಿಕ್ ಮಹಾಸಾಗರದಲ್ಲಿ ಎಂದಾದರೂ ಜಪಾನಿನೊಡನೆ ಯುದ್ಧವಾದರೆ ದ್ವೀಪಗಳನ್ನು ಒಂದೊಂದಾಗಿ ಹಿಡಿಯಬೇಕಾಗುವುದೆಂದು ಆ ದಳದ ಅರ್ಲ್ ಎಲ್ಲಿಸ್ ಎಂಬ ಅಧಿಕಾರಿಯು ೧೯೨೧ರಲ್ಲಿಯೇ ಒಂದು ಯೋಜನೆಯನ್ನು ಬರೆದಿಟ್ಟಿದ್ದನು. ೧೯೩೩ರ ನವೆಂಬರಿನಲ್ಲಿ ಕ್ವಾಂಟಿಕೊ ಎಂಬಲ್ಲಿದ್ದ ಆ ದಳದ ಪಾಠಶಾಲೆಯ ತರಗತಿಗಳನ್ನೇ ನಿಲ್ಲಿಸಿ, ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಕುಳಿತು ಈ ವಿದ್ಯೆಗೆ ಒಂದು ಶಾಸ್ತ್ರಗ್ರಂಥವನ್ನು ರಚಿಸತೊಡಗಿದರು. ಅದು ೧೯೩೪ರಲ್ಲಿ ಸಿದ್ಧವಾಯಿತು. ಗಲ್ಲಿಪೋಲಿಯ ಸೋಲನ್ನು ಅವರು ಶವಪರೀಕ್ಷೆ ಮಾಡುವ ವೈದ್ಯರಂತೆ ಬಿಡಿಬಿಡಿಯಾಗಿ ಪರೀಕ್ಷಿಸಿ, ಅಧಿಕಾರವು ಯಾರದು, ಹಡಗಿನ ಫಿರಂಗಿಗಳ ನೆರವು ಹೇಗೆ, ವಿಮಾನಗಳ ನೆರವು ಹೇಗೆ, ಹಡಗಿನಿಂದ ದಡಕ್ಕೆ ಸಾಗುವ ಕ್ರಮವೇನು, ಇಳಿದ ನೆಲವನ್ನು ಉಳಿಸಿಕೊಳ್ಳುವ ಬಗೆಯೇನು, ಸಾಮಾನಿನ ವ್ಯವಸ್ಥೆಯೇನು ಎಂಬ ಆರು ಭಾಗಗಳಲ್ಲಿ ವಿಷಯವನ್ನು ವಿಂಗಡಿಸಿದರು.

ಸಾಮಾನು ತುಂಬುವ ಸಂಗತಿಯನ್ನೇ ನೋಡಬಹುದು. ದೂರದ ಪ್ರಯಾಣಕ್ಕೆ ಹೊರಟ ಗೃಹಿಣಿಯು ಬುತ್ತಿಯ ಗಂಟನ್ನು ಪೆಟ್ಟಿಗೆಯ ತಳದಲ್ಲಿಡುವುದಿಲ್ಲ; ಮೊದಲು ಬೇಕಾದುದನ್ನು ಕೊನೆಯಲ್ಲಿ, ಎಲ್ಲಕ್ಕೂ ಮೇಲೆ ಇಡುತ್ತಾಳೆ. ಯುದ್ಧದ ಹಡಗಿಗೂ ನಿಯಮವು ಇದೇ. ಮನೆಮಂದಿಗೆಲ್ಲ ತಿಳಿದ ಈ ಸಣ್ಣ ವಿವೇಕವು ಶಾಸ್ತ್ರದಲ್ಲಿ ಸೇರುವುದಕ್ಕೆ ಗಲ್ಲಿಪೋಲಿಯು ಬೇಕಾಯಿತು.

ಶಾಸ್ತ್ರವಿದ್ದರೆ ಸಾಲದು, ಪ್ರಯೋಗವೂ ಬೇಕು. ೧೯೩೫ರಿಂದ ೧೯೪೧ರವರೆಗೆ ಮೆರೀನ್ ದಳವೂ ನೌಕಾಬಲವೂ, ಹೆಚ್ಚಾಗಿ ಪೋರ್ಟೊರಿಕೊ ಬಳಿಯ ಕುಲೆಬ್ರಾ ಎಂಬ ದ್ವೀಪದಲ್ಲಿ, ವರ್ಷವರ್ಷವೂ ಇಳಿತದ ಅಭ್ಯಾಸವನ್ನು ನಡೆಸಿದುವು. ಹಡಗಿನ ಸಾಮಾನ್ಯ ದೋಣಿಗಳು ಈ ಕೆಲಸಕ್ಕೆ ಬಾರವೆಂಬುದು ಅಲ್ಲಿ ಬಯಲಾಯಿತು. ಅವುಗಳ ಅಂಚನ್ನು ಹತ್ತಿ ಹಾರುವಷ್ಟರಲ್ಲಿ ಸಿಪಾಯಿಯು ಗುಂಡಿಗೆ ಗುರಿಯಾಗುವನು. ೧೯೩೭ರಲ್ಲಿ ಶಾಂಘೈಯ ಯುದ್ಧವನ್ನು ನೋಡುತ್ತಿದ್ದ ಕ್ರುಲಾಕ್ ಎಂಬ ತರುಣ ಮೆರೀನ್ ಅಧಿಕಾರಿಯು ಜಪಾನೀಯರ ದೋಣಿಗಳ ಮೂತಿಯು ಬಾಗಿಲಿನಂತೆ ಕೆಳಕ್ಕೆ ಬೀಳುವುದನ್ನು ಕಂಡು ಅದರ ಛಾಯಾಚಿತ್ರಗಳನ್ನು ಕಳುಹಿಸಿದನು. ನ್ಯೂ ಆರ್ಲಿಯನ್ಸಿನ ಜವುಗುನೆಲಗಳಿಗಾಗಿ ದೋಣಿ ಕಟ್ಟುತ್ತಿದ್ದ ಆಂಡ್ರ್ಯೂ ಹಿಗ್ಗಿನ್ಸನು ೧೯೪೧ರಲ್ಲಿ ತನ್ನ ದೋಣಿಗೂ ಅಂತಹ ಬಾಗಿಲನ್ನಿಟ್ಟನು. ಮುಂದೆ ಸಾವಿರಾರು ಸಂಖ್ಯೆಯಲ್ಲಿ ಸಿದ್ಧವಾಗಿ ಯುದ್ಧದ ಗತಿಯನ್ನೇ ಬದಲಿಸಿದ ದೋಣಿಯು ಇದೇ.

ಇತ್ತ ಯೂರೋಪಿನಲ್ಲಿ ೧೯೪೨ರ ಆಗಸ್ಟ್ ೧೯ರಂದು, ಬಹುತೇಕ ಕೆನಡಾದವರೇ ಆಗಿದ್ದ ಸುಮಾರು ೬,೦೦೦ ಜನರು ಫ್ರಾನ್ಸಿನ ಡಿಯೆಪ್ ರೇವಿನ ಮೇಲೆ ಇಳಿದರು. ಇದಕ್ಕೆ ತಾಲೀಮು ಇಲ್ಲದೆ ಇರಲಿಲ್ಲ. ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ಬ್ರಿಡ್‌ಪೋರ್ಟ್ ಬಳಿ ಎರಡು ಸಾರಿ ಅಭ್ಯಾಸ ನಡೆದಿದ್ದಿತು. ಮೊದಲನೆಯದರಲ್ಲಿ ದೋಣಿಗಳು ದಾರಿತಪ್ಪಿ ದೂರದೂರದಲ್ಲಿ ಇಳಿದುವು, ಎರಡನೆಯದು ಮೇಲಾಯಿತು. ಆದರೆ ಗುಂಡು ಹಾರದ ದಡದಲ್ಲಿ ಕಲಿತುದು ಗುಂಡಿನ ಮಳೆಯಲ್ಲಿ ನೆರವಾಗಲಿಲ್ಲ. ಕೆನಡಾದವರಲ್ಲಿಯೇ ೯೦೭ ಜನರು ಮಡಿದರು. ಸೆರೆಸಿಕ್ಕವರು ಅದಕ್ಕೂ ಎರಡರಷ್ಟು. ಮುಂದಿನ ತಾಲೀಮುಗಳು ಯುದ್ಧವನ್ನು ಸಾಧ್ಯವಾದಷ್ಟೂ ಹೋಲಬೇಕು, ಸಿಪಾಯಿಯು ನಿಜವಾದ ಗುಂಡಿನ ಸದ್ದನ್ನು ಮೊದಲೇ ಕೇಳಿರಬೇಕು ಎಂಬ ನಿರ್ಧಾರಕ್ಕೆ ಸೇನಾನಿಗಳು ಬಂದರು.

೪

ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ೧೯೪೪ರ ಬೇಸಗೆಯಲ್ಲಿ ಇಳಿಯಬೇಕೆಂದು ಗೊತ್ತಾದ ಮೇಲೆ ಅದರ ಅಭ್ಯಾಸಕ್ಕೆ ತಕ್ಕ ಸ್ಥಳವನ್ನು ಹುಡುಕಲಾಯಿತು. ಅಮೆರಿಕನರ ಪಾಲಿಗೆ ಬಂದ ಯೂಟಾ ಎಂಬ ಸಂಕೇತನಾಮದ ದಡದ ಹಿಂದೆ ನೀರು ನಿಂತ ತಗ್ಗು ನೆಲವಿದ್ದಿತು. ಇಂಗ್ಲೆಂಡಿನ ಡೆವನ್ ಪ್ರಾಂತದ ಸ್ಲಾಪ್ಟನ್ ತೀರದಲ್ಲಿಯೂ ಹಾಗೆಯೇ. ಮುಂದೆ ನೊರಜುಕಲ್ಲಿನ ಉದ್ದವಾದ ದಡ, ಅದರ ಬೆನ್ನಿಗೇ ಸಿಹಿನೀರಿನ ಕೆರೆ. ಹೋಲಿಕೆಯು ಇಷ್ಟೊಂದು ಚೆನ್ನಾಗಿದ್ದುದೇ ಆ ಊರುಗಳವರಿಗೆ ಕಂಟಕವಾಯಿತು. ೧೯೪೩ರ ನವೆಂಬರಿನಲ್ಲಿ ಅವರಿಗೆ ಆಜ್ಞೆ ಬಂದಿತು: ಡಿಸೆಂಬರ್ ೨೦ರೊಳಗಾಗಿ ಎಲ್ಲರೂ ಮನೆಗಳನ್ನು ಬಿಟ್ಟು ಹೊರಡಬೇಕು. ಸ್ಲಾಪ್ಟನ್, ಟಾರ್‌ಕ್ರಾಸ್, ಸ್ಟ್ರೀಟ್, ಬ್ಲಾಕಾಟನ್ ಮೊದಲಾದ ಹಳ್ಳಿಗಳ ಸುಮಾರು ೩,೦೦೦ ಜನರು, ಸುಮಾರು ೩೦,೦೦೦ ಎಕರೆಗಳ ನೆಲವನ್ನು ತೆರವು ಮಾಡಿದರು. ತಲೆತಲಾಂತರದಿಂದ ಉಳುತ್ತಿದ್ದ ಹೊಲ, ದನಕರು, ಕೊಯ್ದಿಟ್ಟ ಬೆಳೆ, ಹಿರಿಯರ ಸಮಾಧಿ, ಎಲ್ಲವನ್ನೂ ಆರೇಳು ವಾರಗಳಲ್ಲಿ ಮಾರಿ, ಸಾಗಿಸಿ, ಇಲ್ಲವೆ ಹಿಂದೆ ಬಿಟ್ಟು ಅವರು ಹೋಗಬೇಕಾಯಿತು. ಏಕೆಂಬುದನ್ನು ಮಾತ್ರ ಅವರಿಗೆ ತಿಳಿಸುವಂತಿರಲಿಲ್ಲ. ಬರಲಿರುವ ಪರದೇಶದ ಸಿಪಾಯಿಗಳು ಈ ಗುಡಿಯನ್ನೂ ಊರನ್ನೂ ಆದರದಿಂದ ಕಾಣಬೇಕೆಂದು ಬೇಡುವ ಎಕ್ಸೆಟರಿನ ಬಿಷಪ್ಪರ ಪತ್ರವನ್ನು ಚರ್ಚುಗಳಲ್ಲಿ ಹಚ್ಚಿದರು.

ಜನವರಿಯಿಂದ ಅಭ್ಯಾಸಗಳು ಆರಂಭವಾದುವು. ಅವುಗಳಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ನಡೆದ ‘ಟೈಗರ್’ ಎಂಬುದು ಯೂಟಾ ದಡದ ಪೂರ್ಣ ತಾಲೀಮು. ನಾಟಕದವರು ವೇಷ ಕಟ್ಟಿ ನಡೆಸುವ ಕಡೆಯ ತಾಲೀಮಿನಂತೆ, ಹಡಗಿಗೆ ಸಾಮಾನು ತುಂಬುವುದರಿಂದ ಹಿಡಿದು ದಡದಲ್ಲಿ ನೆಲೆನಿಲ್ಲುವವರೆಗೆ ಎಲ್ಲವೂ ಯಥಾವತ್ತಾಗಿ ನಡೆಯಬೇಕು. ಸಿಪಾಯಿಗಳು ಅಮೆರಿಕದವರು, ಅವರನ್ನು ಹೊತ್ತ ಹಡಗುಗಳು ಅಮೆರಿಕದ ನೌಕಾಬಲಕ್ಕೆ ಸೇರಿದುವು, ದಾರಿಯ ಕಾವಲು ಮಾತ್ರ ಬ್ರಿಟಿಷ್ ನೌಕಾಬಲದ್ದು. ಇಡೀ ಕಾರ್ಯದ ನೌಕಾಭಾಗಕ್ಕೆ ಅಡ್ಮಿರಲ್ ಡಾನ್ ಮೂನ್ ನಾಯಕ. ಏಪ್ರಿಲ್ ೨೭ರ ಬೆಳಿಗ್ಗೆ ಮೊದಲ ಇಳಿತ. ಕೆಲವು ಹಡಗುಗಳು ತಡವಾದುದರಿಂದ ಇಳಿಯುವ ಹೊತ್ತನ್ನು ಒಂದು ಗಂಟೆ ಮುಂದಕ್ಕೆ ಹಾಕಿದರು. ಆ ಆಜ್ಞೆಯು ಎಲ್ಲ ದೋಣಿಗಳಿಗೂ ಮುಟ್ಟಲಿಲ್ಲ. ಮುಟ್ಟದವರು ಮೊದಲು ಗೊತ್ತಾಗಿದ್ದ ಹೊತ್ತಿಗೇ ದಡಕ್ಕೆ ಹೋದರು. ಬರಲಿದ್ದ ಅನರ್ಥಕ್ಕೆ ಇದೇ ಮುನ್ಸೂಚನೆಯಾಗಿದ್ದಿತು.

ಅದೇ ರಾತ್ರಿ ಎಂಟು ದೊಡ್ಡ ಹಡಗುಗಳ ಸಾಲೊಂದು ಲೈಮ್ ಕೊಲ್ಲಿಯನ್ನು ಬಳಸಿ ಸ್ಲಾಪ್ಟನ್ನಿನ ಕಡೆಗೆ ಮೆಲ್ಲನೆ ಸಾಗಿದ್ದಿತು. ಟ್ಯಾಂಕುಗಳನ್ನೂ ಮೋಟಾರು ಗಾಡಿಗಳನ್ನೂ ಹೊಟ್ಟೆಯಲ್ಲಿ ತುಂಬಿಕೊಂಡು ನೇರವಾಗಿ ದಡಕ್ಕೆ ಮೂತಿಯಿಟ್ಟು ಇಳಿಸುವ ಈ ಹಡಗುಗಳಿಗೆ ಎಲ್. ಎಸ್. ಟಿ. ಎಂದು ಹೆಸರು. ಕಾವಲಿಗೆ ಎರಡು ಬ್ರಿಟಿಷ್ ನೌಕೆಗಳಿರಬೇಕಾಗಿದ್ದಿತು. ಅವುಗಳಲ್ಲಿ ಸಿಮಿಟರ್ ಎಂಬ ವೇಗದ ಯುದ್ಧನೌಕೆಯು ಅಮೆರಿಕದ ದೋಣಿಯೊಂದಕ್ಕೆ ತಾಗಿ ಜಖಂ ಆಗಿ ಪ್ಲಿಮತ್ ಬಂದರಿಗೆ ಹೋಗಿದ್ದಿತು. ಈ ಸಂಗತಿಯು ಅಮೆರಿಕದ ಹಡಗುಗಳಿಗೆ ಸಕಾಲದಲ್ಲಿ ತಿಳಿಯಲಿಲ್ಲ. ಉಳಿದುದು ಅಜೇಲಿಯ ಎಂಬ ಸಣ್ಣ ನೌಕೆಯೊಂದೇ. ಫ್ರಾನ್ಸಿನ ಶೆರ್‌ಬೂರ್ ರೇವಿನಿಂದ ಹೊರಟ ಜರ್ಮನರ ಒಂಬತ್ತು ಶೀಘ್ರಗಾಮಿ ಟಾರ್ಪೀಡೊ ದೋಣಿಗಳು ಕತ್ತಲಲ್ಲಿ ಈ ಸಾಲನ್ನು ಕಂಡುವು.

ಹಗೆಯ ದೋಣಿಗಳು ಕಡಲಿನಲ್ಲಿವೆಯೆಂಬ ವರ್ತಮಾನವು ಬ್ರಿಟಿಷರಿಗೆ ಬಾರದೆ ಇರಲಿಲ್ಲ. ಅಜೇಲಿಯ ನೌಕೆಗೆ ಅದು ರೇಡಿಯೊ ಮೂಲಕ ಮುಟ್ಟಿದ್ದಿತು. ಅದರ ನಾಯಕನು, ಹಿಂದೆ ಬರುತ್ತಿರುವ ಹಡಗುಗಳೂ ಇದನ್ನು ಕೇಳಿರುವುವು ಎಂದು ಭಾವಿಸಿದನು. ಆದರೆ ಅಮೆರಿಕದ ಹಡಗುಗಳಿಗೆ ಕೊಟ್ಟ ಲಿಖಿತ ಆಜ್ಞೆಯಲ್ಲಿ ರೇಡಿಯೊ ಆವರ್ತಸಂಖ್ಯೆಯು ತಪ್ಪಾಗಿ ಅಚ್ಚಾಗಿದ್ದಿತು. ಬ್ರಿಟಿಷರು ಮಾತನಾಡುತ್ತಿದ್ದ ಅಲೆ ಒಂದು, ಅಮೆರಿಕನರು ಕಿವಿಗೊಟ್ಟಿದ್ದ ಅಲೆ ಮತ್ತೊಂದು. ಒಂದೇ ಕಡಲಿನಲ್ಲಿ, ಒಂದೇ ದಾರಿಯಲ್ಲಿ, ಒಂದೇ ನುಡಿಯನ್ನಾಡುವ ಮಿತ್ರರು ಒಬ್ಬರನ್ನೊಬ್ಬರು ಕೇಳಲಾರದೆ ಸಾಗಿದರು.

ಏಪ್ರಿಲ್ ೨೮ರ ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ ೫೦೭ನೆಯ ಹಡಗಿಗೆ ಟಾರ್ಪೀಡೊ ಬಡಿಯಿತು. ಸ್ವಲ್ಪ ಹೊತ್ತಿನಲ್ಲಿ ೫೩೧ನೆಯದಕ್ಕೂ ಬಡಿದು ಅದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ೨೮೯ನೆಯದು ಹಿಂಭಾಗವನ್ನು ಕಳೆದುಕೊಂಡು ಹೇಗೋ ಡಾರ್ಟ್‌ಮತ್ ರೇವನ್ನು ಸೇರಿತು. ಗಾಡಿಗಳಲ್ಲಿ ತುಂಬಿದ್ದ ಎಣ್ಣೆ ಹೊತ್ತಿಕೊಂಡು ಹಡಗಿನೊಳಗೆಲ್ಲ ಬೆಂಕಿ. ಹೊರಗೆ ಮೈಕೊರೆಯುವ ನೀರು. ಹಾರಿದವರಲ್ಲಿ ಬಹುಮಂದಿಗೆ ತೇಲುವ ಪಟ್ಟಿಯನ್ನು ಕಟ್ಟಿಕೊಳ್ಳುವ ಬಗೆಯನ್ನೇ ಕಲಿಸಿರಲಿಲ್ಲ. ಕಂಕುಳ ಕೆಳಗೆ ಇರಬೇಕಾದ ಪಟ್ಟಿಯನ್ನು ಅವರು ಸೊಂಟಕ್ಕೆ ಕಟ್ಟಿದ್ದರು. ಬೆನ್ನಿನ ಮೇಲೆ ಭಾರವಾದ ಗಂಟು. ನೀರಿಗೆ ಬಿದ್ದೊಡನೆ ಮೈ ತಲೆಕೆಳಗಾಯಿತು. ಬದುಕಿಸಲೆಂದು ಕೊಟ್ಟ ಸಾಧನವೇ ಅವರನ್ನು ಮುಳುಗಿಸಿತು. ಉಳಿದ ಹಡಗುಗಳು ಸಾಗಿಹೋಗಬೇಕೆಂಬುದು ಕಟ್ಟಳೆಯಾಗಿದ್ದರೂ, ೫೧೫ನೆಯ ಹಡಗಿನ ನಾಯಕನಾದ ಜಾನ್ ಡಾಯ್ಲನು ಹಿಂದಿರುಗಿ ಬಂದು ನೂರಕ್ಕೂ ಹೆಚ್ಚು ಜನರನ್ನು ನೀರಿನಿಂದೆತ್ತಿದನು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ ೭೪೯ ಎಂದು ಎಣಿಸುತ್ತಾರೆ.

೫

ಈ ಸಾವುಗಳ ಸುದ್ದಿಯನ್ನು ಆಗ ಬಿಗಿಯಾಗಿ ಮುಚ್ಚಲಾಯಿತು. ಬದುಕಿ ಬಂದವರಿಗೂ, ಅವರಿಗೆ ಚಿಕಿತ್ಸೆಮಾಡಿದ ವೈದ್ಯರಿಗೂ ಬಾಯಿಬಿಡಕೂಡದೆಂದು ಕಟ್ಟಪ್ಪಣೆಯಾಯಿತು. ಇದಕ್ಕೆ ಕಾರಣವೂ ಇದ್ದಿತು. ನಾರ್ಮಂಡಿಯ ಗುಟ್ಟನ್ನು ಬಲ್ಲ ಹತ್ತು ಮಂದಿ ಅಧಿಕಾರಿಗಳು ಆ ರಾತ್ರಿ ಕಾಣೆಯಾಗಿದ್ದರು. ಅವರಲ್ಲಿ ಒಬ್ಬನು ಜರ್ಮನರ ಕೈಗೆ ಜೀವಂತವಾಗಿ ಸಿಕ್ಕಿದ್ದರೂ ಇಡೀ ಯೋಜನೆಯು ಬಯಲಾಗುವ ಭಯವಿದ್ದಿತು. ಹತ್ತು ಶವಗಳೂ ದೊರೆತ ಮೇಲೆಯೇ ಸೇನಾನಿಗಳಿಗೆ ನೆಮ್ಮದಿ. ನಾರ್ಮಂಡಿಯ ಇಳಿತವು ಆದ ಅನಂತರ, ಅದೇ ವರ್ಷ, ಈ ಘಟನೆಯನ್ನು ಪ್ರಕಟಪಡಿಸಿದರು. ಆದರೆ ಆಗಿನ ಮಹಾಘಟನೆಗಳ ಗದ್ದಲದಲ್ಲಿ ಅದು ಯಾರ ಕಿವಿಯಲ್ಲಿಯೂ ನಿಲ್ಲಲಿಲ್ಲ.

ಇತ್ತ ತಿದ್ದುಪಾಟುಗಳು ತಡವಿಲ್ಲದೆ ನಡೆದುವು. ಬ್ರಿಟಿಷ್ ಕಾವಲುನೌಕೆಗಳಿಗೂ ಅಮೆರಿಕದ ಹಡಗುಗಳಿಗೂ ರೇಡಿಯೊ ಆವರ್ತಸಂಖ್ಯೆಯು ಒಂದೇ ಆಯಿತು. ತೇಲುವ ಪಟ್ಟಿಯನ್ನು ಕಟ್ಟಿಕೊಳ್ಳುವುದನ್ನು ಪ್ರತಿಯೊಬ್ಬ ಸಿಪಾಯಿಗೂ ಕಲಿಸಿದರು. ನೀರಿಗೆ ಬಿದ್ದವರನ್ನು ಎತ್ತುವುದಕ್ಕೆಂದೇ ಸಣ್ಣ ದೋಣಿಗಳನ್ನು ಏರ್ಪಡಿಸಿದರು. ಐದೂವರೆ ವಾರಗಳ ಮೇಲೆ, ಜೂನ್ ೬ರಂದು, ಅದೇ ನಾಲ್ಕನೆಯ ಡಿವಿಜನ್ ಯೂಟಾ ದಡದಲ್ಲಿ ಇಳಿಯಿತು. ಆ ದಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರು ಅಲ್ಲಿ ನೆಲವನ್ನು ಮುಟ್ಟಿದರು. ದಡದಲ್ಲಿ ಸತ್ತವರೂ ಗಾಯಗೊಂಡವರೂ ಕಾಣೆಯಾದವರೂ ಸೇರಿ ಸುಮಾರು ಇನ್ನೂರು. ನಿಜವಾದ ಯುದ್ಧದಲ್ಲಿ ಆ ದಡವು ಕೇಳಿದ ಬಲಿಗಿಂತ ತಾಲೀಮು ಕೇಳಿದ ಬಲಿಯೇ ಹೆಚ್ಚಾಯಿತು.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಮೊದಲನೆಯದು ಎರಡನೆಯದರ ಬೆಲೆಯೆಂದು ಹೇಳಿ ಸಮಾಧಾನಪಡುವವರುಂಟು. ಅದು ಪೂರ್ತಿ ನ್ಯಾಯವಾದ ಮಾತಲ್ಲ. ಯೂಟಾದಲ್ಲಿ ನಷ್ಟವು ಕಡಿಮೆಯಾದುದಕ್ಕೆ ಬೇರೆ ಕಾರಣಗಳೂ ಇದ್ದುವು. ಪ್ರವಾಹದ ಸೆಳೆತದಿಂದ ದೋಣಿಗಳು ಗೊತ್ತಾದ ಸ್ಥಳವನ್ನು ಬಿಟ್ಟು, ಕಾವಲು ಸಡಿಲವಾಗಿದ್ದ ಎಡೆಯಲ್ಲಿ ಇಳಿದುದು ಅವುಗಳಲ್ಲೊಂದು. ಅಲ್ಲದೆ, ತಪ್ಪಾದ ಅಂಕಿಯನ್ನು ತಿದ್ದುವುದಕ್ಕೆ ಏಳುನೂರು ಪ್ರಾಣಗಳು ಬೇಕಾಗಿರಲಿಲ್ಲ. ಹೊರಡುವ ಮುನ್ನ ಒಂದು ಹಡಗು ಮತ್ತೊಂದನ್ನು ಕರೆದು ‘ಕೇಳಿಸಿತೆ?’ ಎಂದು ವಿಚಾರಿಸಿದ್ದರೆ ಸಾಕಾಗಿತ್ತು. ಟಾಂಗಾದಲ್ಲಿ ಕಲಿಯದೆ ಹೋದುದು ತಪ್ಪು. ಡಿಯೆಪ್ಪಿನಲ್ಲಿ ಸೌಮ್ಯವಾದ ಪಾಠವನ್ನು ಕಲಿತು ಕಠಿನವಾದ ಪರೀಕ್ಷೆಗೆ ಹೋದುದು ತಪ್ಪು. ಸ್ಲಾಪ್ಟನ್ನಿನ ತಪ್ಪು ಬೇರೆ ಬಗೆಯದು. ಅಲ್ಲಿ ಶಸ್ತ್ರಕ್ಕೂ ಧೈರ್ಯಕ್ಕೂ ಕೊರತೆಯಿರಲಿಲ್ಲ. ತಾನು ಕೇಳಿದುದನ್ನು ಮಿತ್ರನೂ ಕೇಳಿರುವನೆಂದು ಪ್ರತಿಯೊಬ್ಬನೂ ನಂಬಿದನು. ಹಗೆಯ ವಿಷಯದಲ್ಲಿ ಎಚ್ಚರದಿಂದಿರುವುದು ಸೈನಿಕನಿಗೆ ಸಹಜ. ಮಿತ್ರನ ವಿಷಯದಲ್ಲಿ ಅಷ್ಟೇ ಎಚ್ಚರವು ಬೇಕೆಂಬುದು ಅಷ್ಟು ಬೇಗ ಹೊಳೆಯುವುದಿಲ್ಲ.

ಆ ಯುದ್ಧವು ಮುಗಿದ ಮೇಲೂ ಇಂತಹ ಕೂಡು ಅಭ್ಯಾಸಗಳು ನಿಂತಿಲ್ಲ. ೨೦೧೯ರ ನವೆಂಬರಿನಲ್ಲಿ ಭಾರತದ ಮತ್ತು ಅಮೆರಿಕದ ಬಲಗಳು ವಿಶಾಖಪಟ್ಟಣ, ಕಾಕಿನಾಡಗಳ ತೀರದಲ್ಲಿ ‘ಟೈಗರ್ ಟ್ರಯಂಫ್’ ಎಂಬ ಹೆಸರಿನ ಅಭ್ಯಾಸವನ್ನು ನಡೆಸಿದುವು. ಚಂಡಮಾರುತ, ಪ್ರವಾಹಗಳಿಗೆ ಸಿಕ್ಕ ಜನರಿಗೆ ಕಡಲಿನಿಂದ ನೆರವನ್ನು ಮುಟ್ಟಿಸುವುದು ಅದರ ಉದ್ದೇಶ. ಕೊಲ್ಲುವುದಕ್ಕಾಗಿ ಹುಟ್ಟಿದ ವಿದ್ಯೆಯು ಬದುಕಿಸುವುದಕ್ಕೂ ಬರುವುದೆಂಬುದು ಸಂತೋಷದ ಸಂಗತಿ. ನೆರವನ್ನು ಹೊತ್ತ ದೋಣಿಗೂ ಹಳೆಯ ನಿಯಮಗಳೇ ಅನ್ವಯಿಸುತ್ತವೆ: ಮೊದಲು ಬೇಕಾದುದು ಮೇಲಿರಬೇಕು, ಮಾತು ಎಲ್ಲರಿಗೂ ಕೇಳಿಸುತ್ತಿರಬೇಕು.

ಅಡ್ಮಿರಲ್ ಮೂನನು ನಾರ್ಮಂಡಿಯಲ್ಲಿ ತನ್ನ ಕೆಲಸವನ್ನು ಮುಗಿಸಿ, ೧೯೪೪ರ ಆಗಸ್ಟ್ ೫ರಂದು ತನ್ನ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡನು. ದುಡಿಮೆಯ ಬಳಲಿಕೆಯೇ ಅದಕ್ಕೆ ಕಾರಣವೆಂದು ನಿರ್ಣಯವಾಯಿತು. ಸ್ಲಾಪ್ಟನ್ನಿನ ಒಕ್ಕಲುಗಳು ಒಡೆದ ಗೋಡೆಗಳಿಗೂ ಕಳೆ ಬೆಳೆದ ಹೊಲಗಳಿಗೂ ಮೆಲ್ಲಮೆಲ್ಲನೆ ಹಿಂದಿರುಗಿದರು. ಮನೆಗಳನ್ನು ತೆರವುಮಾಡಿಕೊಟ್ಟ ಆ ಜನರಿಗೆ ಕೃತಜ್ಞತೆಯನ್ನು ಸಲ್ಲಿಸುವ ಶಿಲಾಸ್ತಂಭವೊಂದನ್ನು ಅಮೆರಿಕದ ಸೈನ್ಯವು ೧೯೫೪ರಲ್ಲಿ ಆ ದಡದಲ್ಲಿ ನಿಲ್ಲಿಸಿತು. ನೀರಿನಲ್ಲಿ ಮಡಿದವರ ಮಾತು ಅದರಲ್ಲಿಲ್ಲ. ಅವರಿಗೆ ಆ ತೀರದಲ್ಲಿ ಗುರುತೊಂದು ದೊರೆತುದು ೧೯೮೪ರಲ್ಲಿ. ಅದನ್ನು ದೊರಕಿಸಿದವನು ಸೇನಾನಿಯಲ್ಲ, ಅರಸನಲ್ಲ, ಅಲ್ಲಿಯೇ ನೆಲಸಿದ್ದ ಕೆನ್ ಸ್ಮಾಲ್ ಎಂಬ ಸಾಮಾನ್ಯ ಗೃಹಸ್ಥ. ಕಡಲಿನ ತಳದಲ್ಲಿ ಬಿದ್ದಿದ್ದ ಒಂದು ಶೆರ್ಮನ್ ಟ್ಯಾಂಕನ್ನು ಅಮೆರಿಕ ಸರಕಾರದಿಂದ ಕೊಂಡು, ವರ್ಷಗಟ್ಟಲೆ ಶ್ರಮಪಟ್ಟು, ಅವನು ಅದನ್ನು ದಡಕ್ಕೆ ಎಳೆಸಿದನು. ನಲವತ್ತು ವರ್ಷ ತಡವಾಗಿ ದಡವನ್ನು ಸೇರಿದ ಆ ಟ್ಯಾಂಕು ಟಾರ್‌ಕ್ರಾಸಿನಲ್ಲಿ, ಕಡಲಿಗೂ ಕೆರೆಗೂ ನಡುವೆ, ನಿಂತಿದೆ.